ಅಕ್ಕನಿಗೆ ಒಂದು ಬಟ್ಟಲು ಸೂಪು

ಐವತ್ತೇಳು ವರ್ಷ ತುಂಬುವವರೆಗೂ ಬೀಗದಣ್ಣನಿಗೆ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಕೆಲಸ: ಕುಕ್ಕರಿನ ಹಿಡಿ ಸಡಿಲವಾದರೆ ಸ್ಕ್ರೂ ಬಿಗಿ ಮಾಡುವುದು. ಮಿಕ್ಕಿದ್ದೆಲ್ಲ ಅಕ್ಕನದು. ಅವನ ಅಂಗಡಿ ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡಿದ್ದ ಒಂದು ತಗಡಿನ ಪೆಟ್ಟಿಗೆ. ಒಬ್ಬರು ಕೂತರೆ ಇನ್ನೊಬ್ಬರಿಗೆ ನಿಲ್ಲಲು ಜಾಗವಿಲ್ಲ. ಅಲ್ಲಿ ಕೂತು ಕಳೆದುಹೋದ ಕೀಲಿಗಳಿಗೆ ಜೋಡಿ ಮಾಡಿಕೊಡುತ್ತಿದ್ದ, ತುಕ್ಕು ಹಿಡಿದ ಬೀಗಗಳನ್ನು ಬಿಚ್ಚಿಕೊಡುತ್ತಿದ್ದ. ಊರಿಗೆಲ್ಲ ಅವನು ಬೀಗದಣ್ಣ.

ಅಕ್ಕ ಅವನಿಗಿಂತ ಆರು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು. ನೂರಿಪ್ಪತ್ತು ಹುಡುಗಿಯರ ಗದ್ದಲದ ನಡುವೆಯೂ ಕೊನೆಯ ಬೆಂಚಿಗೆ ಮುಟ್ಟುವಂಥ ದನಿ ಅವಳದು. ತಮ್ಮನ ಮದುವೆಯ ಮಾತು ಬಂದಾಗಲೆಲ್ಲ ಅವನು "ನೋಡೋಣ ಬಿಡಕ್ಕ" ಎನ್ನುತ್ತಿದ್ದ. ನೋಡುತ್ತ ನೋಡುತ್ತಲೇ ಇಬ್ಬರ ತಲೆಯೂ ನರೆಯಿತು.

ಆ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೊರಟಾಗ ಡಾಕ್ಟರು, "ದನಿ ಬರಬಹುದು, ಬರದೇನೂ ಇರಬಹುದು. ಈಗಲೇ ಏನೂ ಹೇಳೋಕಾಗಲ್ಲ" ಎಂದರು. ನರ್ಸಮ್ಮ ಒಂದು ಚೀಟಿ ಬರೆದುಕೊಟ್ಟರು. ಖಾರ ಬೇಡ, ತೀರಾ ಬಿಸಿ ಬೇಡ, ಎಲ್ಲವನ್ನೂ ನುಣ್ಣಗೆ ಅರೆದು ಸೋಸಿ ಕೊಡಬೇಕು, ಮೊದಲ ವಾರ ಒಬ್ಬರನ್ನೇ ಬಿಟ್ಟು ಹೋಗಕೂಡದು. ಬೀಗದಣ್ಣ ಎಲ್ಲಕ್ಕೂ ತಲೆಯಾಡಿಸಿದ. ಅಡುಗೆಗೆ ತಂಗಿಯ ಮಗಳು ಬರುತ್ತೇನೆಂದಿದ್ದಳು, ಹಾಗಾಗಿ ಅವನಿಗೆ ಧೈರ್ಯವಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳ ಫೋನು ಬಂತು.

"ಮಾಮ, ಪಾಪುಗೆ ಮೈಯೆಲ್ಲ ಗುಳ್ಳೆ ಎದ್ದಿದೆ. ಜ್ವರಾನೂ ಇದೆ. ದೊಡ್ಡಮ್ಮನ ಹತ್ರ ನಾನು ಹೇಗೆ ಬರ್ಲಿ ಈಗ?"

"ಬರ್ಬೇಡ, ಬರ್ಬೇಡ. ನೀನು ಮಗೂನ ನೋಡ್ಕೋ. ನಾನಿದೀನಲ್ಲ" ಎಂದ. ಫೋನಿಟ್ಟ ಮೇಲೆ, ತಾನಿದ್ದು ಏನು ಮಾಡುವುದೆಂದು ಹೊಳೆಯದೆ ಅಲ್ಲೇ ನಿಂತ.

ಅಕ್ಕ ಕೋಣೆಯಲ್ಲಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಬೆಳಿಗ್ಗೆ ಕೊಟ್ಟ ಹಾಲನ್ನು ಬಾಯಿಗಿಟ್ಟು ಮುಖ ತಿರುಗಿಸಿದ್ದಳು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲು. ಅದರಲ್ಲಿ ಬರೆದು ತೋರಿಸಿದಳು: "ಉಪ್ಪುಪ್ಪಾಗಿ ಏನಾದರೂ."

ಪೇಟೆಗೆ ಹೋಗುವಂತಿಲ್ಲ. ಎದುರು ಮನೆಗೆ ಬೀಗ. ಅವನು ಫ್ರಿಜ್ಜಿನ ಬಾಗಿಲು ತೆಗೆದ. ಹನ್ನೊಂದು ದಿನ ಯಾರೂ ಮುಟ್ಟದ ಫ್ರಿಜ್ಜು. ಕೊತ್ತಂಬರಿ ಕಪ್ಪಾಗಿ ಕವರಿಗೆ ಅಂಟಿತ್ತು. ಸುಕ್ಕುಬಿದ್ದ ಎರಡು ಕ್ಯಾರೆಟ್, ಒಂದು ಹೋಳು ಕುಂಬಳಕಾಯಿ, ಮೆತ್ತಗಾದ ಟೊಮೆಟೊ ಒಂದು. ಬುಟ್ಟಿಯಲ್ಲಿ ಮೊಳಕೆ ಬಂದ ಆಲೂಗಡ್ಡೆ, ಎರಡು ಈರುಳ್ಳಿ. ಡಬ್ಬದ ತಳದಲ್ಲಿ ಒಂದು ಹಿಡಿ ಕೆಂಪು ಬೇಳೆ. ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟು, ಬಿಚ್ಚಿದ ಬೀಗದ ಭಾಗಗಳನ್ನು ನೋಡುವಂತೆ ನೋಡಿದ. ಬೀಗವಾದರೆ ಯಾವುದು ಎಲ್ಲಿ ಕೂರುತ್ತದೆಂದು ಕೈಗೇ ಗೊತ್ತು. ಇಲ್ಲಿ ಯಾವುದನ್ನು ಮೊದಲು ಹಾಕಬೇಕೆಂಬುದೂ ತಿಳಿಯದು.

ಕೋಣೆಗೆ ಹೋಗಿ ಕೇಳಿದ. "ಅಕ್ಕಾ, ಸೂಪು ಮಾಡ್ತೀನಿ. ಮೊದ್ಲು ಏನ್ ಹಾಕ್ಲಿ?"

ಅಕ್ಕ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಬರೆದಳು: "ಮೊದಲು ಕೈ ತೊಳಿ."

ಅದರ ಕೆಳಗೇ ಮಿಕ್ಕದ್ದನ್ನೂ ಬರೆದುಕೊಟ್ಟಳು. ಈರುಳ್ಳಿ ಸಣ್ಣಗೆ ಹೆಚ್ಚು. ಎಣ್ಣೆಯಲ್ಲಿ ಬಾಡಿಸು. ಮೊಳಕೆಯನ್ನು ಆಳವಾಗಿ ಕೆತ್ತಿ ತೆಗಿ. ಬೇಳೆ ತೊಳಿ. ಉಪ್ಪು ಕೊನೆಗೆ.

ಕೀಲಿಯ ಕೂದಲೆಳೆಯಷ್ಟು ಹಲ್ಲುಗಳನ್ನು ಉಜ್ಜಿ ಕೂರಿಸುವ ಕೈ ಈರುಳ್ಳಿಯ ಮುಂದೆ ಸೋತಿತು. ಒಂದು ಹೋಳು ಹೆಬ್ಬೆರಳಿನಷ್ಟು, ಇನ್ನೊಂದು ಕಾಗದದಷ್ಟು ತೆಳ್ಳಗೆ. ಬಾಣಲೆಗೆ ಹಾಕಿ ಕ್ಯಾರೆಟ್ ಕಡೆ ತಿರುಗಿದ್ದೇ ತಡ, ಸೀದ ವಾಸನೆ ಎದ್ದಿತು. ಕೋಣೆಯಿಂದ ನೋಟ್‌ಬುಕ್ಕನ್ನು ಮಂಚಕ್ಕೆ ಪಟಪಟನೆ ಬಡಿದ ಸದ್ದು. ಓಡಿಹೋಗಿ ನೋಡಿದರೆ, ದೊಡ್ಡಕ್ಷರದಲ್ಲಿ: "ಮೂಗಿಲ್ವಾ ನಿಂಗೆ?"

ಮೊದಲಾಗಿದ್ದರೆ ಇದೇ ಮಾತು ಬೀದಿಯ ತುದಿಗೆ ಕೇಳಿಸುತ್ತಿತ್ತು. ಅವನಿಗೆ ನಗು ಬಂತು. ವಾಪಸು ಬಂದು, ಸೀದದ್ದನ್ನು ಚೆಲ್ಲಿ ಉಳಿದಿದ್ದ ಇನ್ನೊಂದು ಈರುಳ್ಳಿ ಹೆಚ್ಚಿದ.

ಎಲ್ಲ ಬೇಯುವ ಹೊತ್ತಿಗೆ ಕರೆಂಟು ಹೋಯಿತು. ಮಿಕ್ಸಿ ಇಲ್ಲ. ಸೌಟಿನಿಂದ ಮಸೆದು, ಟೀ ಸೋಸುವ ಜಾಲರಿಯಲ್ಲಿ ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ಇಳಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಗಟ್ಟಿಯಾಗಿದ್ದರೆ ಅಕ್ಕನ ಗಂಟಲಿಗೆ ಕಷ್ಟವೆಂದು ಬಿಸಿನೀರು ಬೆರೆಸಿದ. ಸಾಲದೇನೋ ಎಂದು ಇನ್ನಷ್ಟು ಬೆರೆಸಿದ. ತಿಳಿ ಹಳದಿ ಬಣ್ಣದ, ನೀರಿನಂಥ ಸೂಪು ಆಯಿತು. ಆರಿಸಿ, ಬಟ್ಟಲಿಗೆ ಹಾಕಿ ಒಯ್ದ.

ಮೊದಲ ಚಮಚ ಇಳಿಯಿತು. ಎರಡನೆಯದೂ ಇಳಿಯಿತು. ಅಕ್ಕ ಕಣ್ಣು ಮುಚ್ಚಿ ತೆರೆದಳು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಹಾಸ್ಟೆಲಿನಲ್ಲಿ ಹೊಸಬರ ಕೈ ಅಡುಗೆ ಪರವಾಗಿಲ್ಲ ಅನ್ನಿಸಿದಾಗ ಅವಳ ಹುಬ್ಬು ಹೋಗುತ್ತಿದ್ದದ್ದೇ ಹಾಗೆ. ಮೂರನೆಯದಕ್ಕೆ ಕೆಮ್ಮು ಬಂತು. ದನಿಯಿಲ್ಲದ ಕೆಮ್ಮು. ಮೈ ಮಾತ್ರ ಕುಲುಕಿತು, ಕಣ್ಣು ಕೆಂಪಾಯಿತು, ಮೂಗಿನಿಂದ ಸೂಪು ಹೊರಬಂತು. ಬೀಗದಣ್ಣ ಬೆನ್ನು ಸವರಲೋ, ನೀರು ಕೊಡಲೋ ತಿಳಿಯದೆ ಬಟ್ಟಲು ಹಿಡಿದೇ ನಿಂತಿದ್ದ. ಕೆಮ್ಮು ನಿಂತ ಮೇಲೆ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದ.

"ನೀರಾಗಿ ಕೊಟ್ರಾ?" ಎಂದರು ನರ್ಸಮ್ಮ.

"ಹೂಂ, ಸುಲಭವಾಗಿ ಇಳೀಲಿ ಅಂತ..."

"ನೀರೇ ಅವರಿಗೆ ಕಷ್ಟ, ಅಣ್ಣಾ. ಅದು ಓಡಿಹೋಗಿ ಉಸಿರಿನ ದಾರಿಗೆ ಬೀಳತ್ತೆ. ಗಂಜಿ ತರ ಮಂದವಾಗಿರ್ಲಿ. ನೆಟ್ಟಗೆ ಕೂರಿಸಿ, ಗದ್ದ ಎದೆ ಕಡೆ ಬಗ್ಗಿಸಿ ನುಂಗೋಕೆ ಹೇಳಿ. ಅವಸರ ಮಾಡಬೇಡಿ. ಮತ್ತೆ ಕೆಮ್ಮು ಬಂದ್ರೆ, ಉಸಿರಾಡೋಕೆ ಕಷ್ಟ ಆದ್ರೆ, ತಕ್ಷಣ ಕರ್ಕೊಂಡು ಬನ್ನಿ."

ಇನ್ನೊಂದು ಆಲೂಗಡ್ಡೆ ಬೇಯಿಸಿ, ಮಸೆದು, ಸೋಸಿ ಸೇರಿಸಿದ. ಈ ಸಲ ಹನ್ನೆರಡು ಚಮಚ ಇಳಿಯಿತು. ಅರ್ಧ ದಿನದ ಕೆಲಸಕ್ಕೆ ಹನ್ನೆರಡು ಚಮಚ. ಅಕ್ಕ ಬರೆದಳು: "ಉಪ್ಪು ಹಾಕಿಲ್ಲ." ಹೌದು, ಮರೆತೇಹೋಗಿತ್ತು.

ಮುಂದಿನ ಮೂರು ವಾರ ಅಂಗಡಿ ತೆರೆಯಲಿಲ್ಲ. ತಂಗಿಯ ಮಗಳು ಬಾಗಿಲಾಚೆ ತರಕಾರಿ ಇಟ್ಟು ಹೋಗುತ್ತಿದ್ದಳು. ಅವನು ದಿನಕ್ಕೊಂದು ಬಗೆಯ ಸೂಪು ಮಾಡಿದ: ಒಂದು ದಿನ ಸೋರೆಕಾಯಿ, ಒಂದು ದಿನ ಬಟಾಣಿ, ಏನೂ ಇಲ್ಲದ ದಿನ ಒಣಗಿದ ಬ್ರೆಡ್ಡು ನೆನೆಸಿ ಬೆಳ್ಳುಳ್ಳಿ ಹಾಕಿದ್ದು. ಕೈ ಪಳಗಿತು. ಸೀಯುವುದು ನಿಂತಿತು. ಆದರೆ ಅಡುಗೆ ಸುಧಾರಿಸುತ್ತ ಹೋದ ಹಾಗೆ ಚಮಚಗಳು ಕಡಿಮೆಯಾಗುತ್ತ ಹೋದವು. ಹನ್ನೆರಡು ಹತ್ತಾಯಿತು, ಏಳಾಯಿತು. ಅಕ್ಕನ ಬಳೆ ಮೊಣಕೈವರೆಗೆ ಜಾರತೊಡಗಿತು. "ಇನ್ನೊಂದೇ ಒಂದು, ಅಕ್ಕಾ" ಎಂದು ಅವನು ಗೋಗರೆಯುತ್ತಿದ್ದ. ಅವಳು ಅವನನ್ನು ನೋಯಿಸಬಾರದೆಂದು ಬಾಯಿ ತೆರೆಯುತ್ತಿದ್ದಳು; ನುಂಗಲಾಗದೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಜ್ವರ ಏರಿತು. ಆಸ್ಪತ್ರೆಗೆ ಸೇರಿಸಿದರು. ಎದೆಯಲ್ಲಿ ಕಫ ಕಟ್ಟಿದೆ, ಬಾಯಿಂದ ಇನ್ನು ಏನೂ ಬೇಡ ಎಂದು ಮೂಗಿನಲ್ಲಿ ನಳಿಕೆ ಹಾಕಿದರು.

"ನಾನು ಮಾಡಿದ ಸೂಪಿಂದಾನಾ ಡಾಕ್ಟ್ರೇ?" ಎಂದು ಕೇಳಿದ.

"ಯಾರು ಏನು ಕೊಟ್ಟಿದ್ರೂ ಹೀಗಾಗಬಹುದಿತ್ತು. ನಿಮ್ಮ ತಪ್ಪೇನಿಲ್ಲ" ಎಂದರು. ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

"ಇನ್ನೂ ನುಣ್ಣಗೆ, ಬಟ್ಟೇಲಿ ಸೋಸಿ ತಂದ್ರೆ ಈ ನಳಿಕೆಯಲ್ಲಿ ಹಾಕ್ತೀರಾ?"

"ಬೇಡ. ಕಟ್ಟಿಕೊಳ್ಳತ್ತೆ. ಇಲ್ಲಿಂದ್ಲೇ ಪುಡಿ ಕಲಸಿ ಕೊಡ್ತೀವಿ."

ಅಲ್ಲಿಗೆ ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ದಿನಕ್ಕೆರಡು ಹೊತ್ತು ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಬಿಳಿ ದ್ರವ ನಳಿಕೆಯಲ್ಲಿ ಇಳಿಯುವುದನ್ನು ನೋಡುತ್ತಿದ್ದ. ನಾಲ್ಕನೆಯ ದಿನ ಅಕ್ಕ ಬರೆದಳು: "ನೀನು ಏನು ತಿಂದೆ?"

"ಕ್ಯಾಂಟೀನಲ್ಲಿ ಊಟ ಮಾಡ್ದೆ" ಎಂದ. ಮಾಡಿರಲಿಲ್ಲ.

ಅವಳು ಅವನ ಮುಖ ನೋಡಿದಳು, "ಸುಳ್ಳು" ಎಂದು ಬರೆದು ಆ ಕಡೆ ಹೊರಳಿದಳು. ಅವನು ಹೋಗುವವರೆಗೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮನೆಯಲ್ಲಿದ್ದ ಈರುಳ್ಳಿ, ಗೆಣಸು, ಅರ್ಧ ಎಲೆಕೋಸು, ಉಳಿದ ಬೇಳೆ ಹಾಕಿ ಒಬ್ಬನಿಗಾಗುವಷ್ಟು ಸೂಪು ಮಾಡಿದ. ನಿಂತುಕೊಂಡೇ ಕುಡಿದ. ಹಸಿವಿರಲಿಲ್ಲ, ಆದರೂ ಬಟ್ಟಲು ಖಾಲಿ ಮಾಡಿದ. ಆಸ್ಪತ್ರೆಗೆ ಹೋಗಿ, ಅವಳು ಕೇಳುವ ಮೊದಲೇ ಶುರುಮಾಡಿದ.

"ಗೆಣಸು ಹಾಕ್ದೆ, ಕೋಸು ಹಾಕ್ದೆ. ಈರುಳ್ಳಿ ಕೆಂಪಾಗೋವರೆಗೂ ಅಲ್ಲಾಡ್ಲಿಲ್ಲ, ಅಲ್ಲೇ ನಿಂತಿದ್ದೆ. ಉಪ್ಪೂ ಹಾಕಿದೀನಿ ಕಣಕ್ಕ."

ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ನಳಿಕೆಯ ಪಕ್ಕದಲ್ಲಿ ಅವಳ ಗಂಟಲು ಒಮ್ಮೆ, ಬರಿದೇ, ಏನನ್ನೋ ನುಂಗಿತು. ಕಣ್ಣು ತೆರೆಯದೆಯೇ ಕೈಬೆರಳಿನಿಂದ ಗಾಳಿಯಲ್ಲಿ ಸುತ್ತು ಹಾಕಿದಳು: ಮುಂದೆ ಹೇಳು.

"ಎರಡೂ ಒಟ್ಟಿಗೇ ಹಾಕ್ದೆ" ಎಂದ ಬೀಗದಣ್ಣ. "ಕೋಸು ಮೆತ್ತಗೆ ಬೆಂದಿತ್ತು, ಗೆಣಸು ಮಾತ್ರ ಸ್ವಲ್ಪ ಗಟ್ಟಿ ಇತ್ತು. ಮೊದ್ಲೇ ಹಾಕ್ಬೇಕಿತ್ತಾ ಅದನ್ನ?"

ಅಕ್ಕ ಹೌದೆಂದು ತಲೆಯಾಡಿಸಿದಳು.