ಬೇರೆ ಲೋಟದ ಹೆಪ್ಪು

ಆ ಕಾಯಿಲೆಯನ್ನು ನಮ್ಮ ಮನೆಗೆ ತಂದವನು ನನ್ನ ಮಗ. ಇಸ್ತ್ರಿ ಅಂಗಡಿಯವಳ ಮಗಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯಲ್ಲಿ ಇವತ್ತಿಗೂ ಉಲ್ಟಾ ಹೇಳುವವರಿದ್ದಾರೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ವಿಜಯನಗರದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಸೊಸೆ ಕಂಪ್ಯೂಟರ್ ಕ್ಲಾಸು ಶುರು ಮಾಡಿದಳು. ಅಲ್ಲಿದ್ದ ನನ್ನ ಮಂಚ ನಡುಮನೆಗೆ ಬಂತು. ನನಗೇನೂ ಬೇಜಾರಾಗಲಿಲ್ಲ, ಮುಂದಿನ ರೂಮಿನಲ್ಲಿ ಬಸ್ಸಿನ ಸದ್ದು ಜಾಸ್ತಿ. ಓದಿದ್ದು ಮೂರನೇ ಕ್ಲಾಸಾದ್ದರಿಂದ ನನಗೆ ಆ ಮೆಷಿನ್ನು ಟೈಪ್‌ರೈಟರಿಗೆ ಟಿವಿ ಕಟ್ಟಿದ ಹಾಗೆ ಕಂಡಿತು. ಸುತ್ತಮುತ್ತಲ ಹೆಣ್ಣುಮಕ್ಕಳು ಕಲಿಯಲು ಬರುತ್ತಿದ್ದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕು. ಧೂಳು ಕಂಡರೆ ಸೊಸೆಗೆ ಸಿಟ್ಟು.

ಅವರಲ್ಲಿ ಒಬ್ಬಳು ನಮ್ಮ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವಳ ಮಗಳು. ತೆಳ್ಳಗೆ, ಉದ್ದಕ್ಕೆ ಇದ್ದಳು. ಮಾತು ಕಮ್ಮಿ. ರಾಜಾಜಿನಗರದ ಒಂದು ಕಾರ್ಖಾನೆಯವರು ಅವಳಿಗೆ, ಕಂಪ್ಯೂಟರ್ ಕಲಿತು ಬಾ, ಆಫೀಸಿನಲ್ಲಿ ಕೂರಿಸುತ್ತೇವೆ ಎಂದಿದ್ದರಂತೆ. ಅವಳಮ್ಮನಿಗೆ ಇದ್ದಿಲ ಪೆಟ್ಟಿಗೆ ಎಳೆದೂ ಎಳೆದೂ ಒಂದು ಭುಜ ಇಳಿದುಹೋಗಿತ್ತು. ಮಗಳು ಆ ಪೆಟ್ಟಿಗೆ ಹಿಡಿಯಬಾರದು ಅನ್ನುವುದೊಂದೇ ಆಯಮ್ಮನ ಹಟ.

ಹುಡುಗಿಯರು ಕಲಿತದ್ದನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಕಪ್ಪು ಹಪ್ಪಳದ ಹಾಗಿರುವ ಚೌಕದ ವಸ್ತು ಅದು. ಎಲ್ಲರೂ ಹೊಸ ಫ್ಲಾಪಿ ತಂದಿದ್ದರು. ಇವಳದು ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದು. ಅದನ್ನು ತೊಳೆದು ಒರೆಸಿದ ತಟ್ಟೆಯ ಹಾಗೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು.

ಒಂದು ಸಂಜೆ ಕ್ಲಾಸಿನಲ್ಲಿ ಕೂಗಾಟ. ನೋಡಿದರೆ ಮೆಷಿನ್ನಿನ ಗಾಜಿನ ಮೇಲಿನ ಅಕ್ಷರಗಳು ಒಂದೊಂದಾಗಿ ಉದುರಿ ಕೆಳಗೆ ಬೀಳುತ್ತಿವೆ, ನುಗ್ಗೆಮರ ಅಲ್ಲಾಡಿಸಿದರೆ ಹೂವು ಉದುರುವ ಹಾಗೆ. ಸೊಸೆ ತಲೆ ಮೇಲೆ ಕೈ ಹೊತ್ತು, "ವೈರಸ್ ಬಂದಿದೆ" ಅಂದಳು. ನನ್ನ ಕಿವಿಗೆ ವೈರು ಅಂತ ಕೇಳಿಸಿತು. ಬೆಂಕಿ ಹತ್ತೀತು ಅಂತ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಮನೆಯೆಲ್ಲ ಕತ್ತಲು.

"ಅತ್ತೆ, ಯಾಕೆ ಆರಿಸಿದ್ರಿ?"

"ವೈರ್ ಸುಟ್ಟಿದೆ ಅಂದ್ಯಲ್ಲಮ್ಮ."

"ವೈರ್ ಅಲ್ಲ ಅತ್ತೆ, ವೈರಸ್ಸು. ಕಾಯಿಲೆ. ಫ್ಲಾಪಿಯಿಂದ ಫ್ಲಾಪಿಗೆ ಅಂಟುತ್ತೆ."

"ಮೆಷಿನ್ನಿಗೂ ಅಮ್ಮ ಬರ್ತಾಳಾ? ಬೇವಿನಸೊಪ್ಪು ಕಟ್ಟಬೇಕಾ?" ಅಂದೆ. ಹುಡುಗಿಯರು ಕತ್ತಲಲ್ಲೇ ಕಿಸಕ್ ಅಂದರು. ಇಸ್ತ್ರಿಯವಳ ಮಗಳೂ ನಕ್ಕಳು. ಆಮೇಲೆ ಅವಳು ನಕ್ಕದ್ದು ನಾನು ಬಹಳ ದಿನ ಕೇಳಲಿಲ್ಲ.

ಸೊಸೆ ಮಾಡಿದ ಕೆಲಸ ಸರಿಯಾಗಿತ್ತು. ಅವಳ ಹತ್ತಿರ ಮೂರನೆಯದೊಂದು ಹಳೆಯ ಮೆಷಿನ್ ಇತ್ತು. ಕ್ಲಾಸಿನ ಎರಡು ಮೆಷಿನ್ನುಗಳು ಹೊಟ್ಟೆಯೊಳಗೇ ಎಲ್ಲ ಕೂಡಿಟ್ಟುಕೊಳ್ಳುತ್ತವಂತೆ, ಇದಕ್ಕೆ ಆ ಹೊಟ್ಟೆಯೇ ಇಲ್ಲ. ಸ್ವಿಚ್ ಆರಿಸಿದರೆ ಏನೂ ನೆನಪಿರುವುದಿಲ್ಲ. ಅದನ್ನು ಅಡಿಗೆಮನೆ ಪಕ್ಕದ ಓಣಿಯಲ್ಲಿ, ನಾನು ಅಕ್ಕಿ ಆರಿಸುವ ಜಾಗದಲ್ಲಿ, ಬೇರೆಯಾಗಿ ಇಟ್ಟಳು. ನಂಬಿಕೆ ಇಲ್ಲದ ಫ್ಲಾಪಿಯನ್ನು ಮೊದಲು ಇದಕ್ಕೆ ಹಾಕಿ ಓಡಿಸುವುದು. ಜೊತೆಗೆ ಹೋದರೆ ಹೋಗಲಿ ಎನ್ನುವಂಥ ಇನ್ನೊಂದು ಚೊಕ್ಕ ಫ್ಲಾಪಿ ಇಡುವುದು. ಆ ಚೊಕ್ಕ ಫ್ಲಾಪಿಯಲ್ಲಿ ಎಷ್ಟು ಜಾಗ ತುಂಬಿದೆ ಅನ್ನುವ ಲೆಕ್ಕ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ನೋಡುವುದು. ಹೆಚ್ಚಾಗಿದ್ದರೆ ಒಳಗೆ ಯಾರೋ ಸೇರಿಕೊಂಡಿದ್ದಾರೆ ಅಂತ ಅರ್ಥ.

"ಉಣ್ಣದೆ ತಿನ್ನದೆ ಹೊಟ್ಟೆ ಮುಂದೆ ಬಂದ್ರೆ ನಮ್ಗೂ ಹಂಗೇ ಗೊತ್ತಾಗೋದು" ಅಂದೆ.

"ಅಯ್ಯೋ, ಸುಮ್ನಿರಿ ಅತ್ತೆ" ಅಂದಳು ಸೊಸೆ. ಆದರೆ ನಕ್ಕಳು.

ಈಗ ಮೊಮ್ಮಗಳು ಇಂಥದ್ದಕ್ಕೆ ಸ್ಯಾಂಡ್‌ಬಾಕ್ಸ್ ಅನ್ನುತ್ತಾಳೆ. ಮರಳಿನ ಡಬ್ಬಿಯಂತೆ. ಮರಳು ಎಲ್ಲಿಂದ ಬಂತೋ ನನಗೆ ತಿಳಿಯದು. ನಾವು ಹೆಪ್ಪಿಗೆ ಮಾಡುವುದೂ ಇದನ್ನೇ. ಬೇರೆ ಮನೆಯಿಂದ ಹೆಪ್ಪು ತಂದರೆ ಒಂದೇ ಸಲಕ್ಕೆ ದೊಡ್ಡ ಪಾತ್ರೆಯ ಹಾಲಿಗೆ ಯಾರೂ ಹಾಕುವುದಿಲ್ಲ. ಸಣ್ಣ ಲೋಟದಲ್ಲಿ ಸ್ವಲ್ಪ ಹಾಲಿಗೆ ಹಾಕಿ ಮುಚ್ಚಿಡುತ್ತೇವೆ. ಗಟ್ಟಿಯಾಗಿ ಕೂತರೆ ಸರಿ. ಲೋಳೆ ಬಂದರೆ ಲೋಟದ ಹಾಲು ಚೆಲ್ಲಿದರಾಯಿತು, ಪಾತ್ರೆಯ ಹಾಲು ಉಳಿಯಿತು.

ಸೊಸೆ ಮೊದಲು ಹಾಕಿ ನೋಡಿದ್ದು ಇಸ್ತ್ರಿಯವಳ ಮಗಳ ಫ್ಲಾಪಿಯನ್ನು. ಅದೊಂದೇ ಹಳೆಯದಲ್ಲವಾ. ಕಾಯಿಲೆ ಸಿಕ್ಕಿತು. ಕಳ್ಳ ಸಿಕ್ಕ ಮೇಲೆ ಯಾರೂ ಹುಡುಕುವುದಿಲ್ಲ. ಸೊಸೆ ಬೈಯಲಿಲ್ಲ. "ನಿನ್ನ ಫ್ಲಾಪಿ ಆ ಮೆಷಿನ್ನುಗಳಿಗೆ ಹಾಕ್ಬೇಡ ಕಣೇ, ಸ್ವಲ್ಪ ದಿನ ಓಣೀಲೇ ಕೂತು ಪ್ರಾಕ್ಟೀಸ್ ಮಾಡು" ಅಂದಳು, ಅಷ್ಟೇ. ಮುಂದಿನದನ್ನು ಹುಡುಗಿಯರು ಮಾಡಿದರು.

ನಮ್ಮ ಮನೆಯಲ್ಲಿ ಮುಟ್ಟಾದರೆ ಹೊರಗೆ ಕೂರುವ ಪದ್ಧತಿ ಇಲ್ಲ. ನಾವು ಲಿಂಗ ಕಟ್ಟಿಕೊಂಡವರು, ನಮ್ಮ ಹಿರಿಯರು ಆ ಮೈಲಿಗೆಯನ್ನು ಎಂದೋ ಕಿತ್ತು ಹಾಕಿದ್ದರು. ಕ್ಲಾಸಿಗೆ ಬರುತ್ತಿದ್ದ ಎಷ್ಟೋ ಹುಡುಗಿಯರ ಮನೆಯಲ್ಲಿ ಇತ್ತು. ಅವರಿಗೆ ಓಣಿಯ ಮೆಷಿನ್ನಿಗೆ ಹೆಸರಿಡಲು ಕಷ್ಟವಾಗಲಿಲ್ಲ. "ಅದು ಹೊರಗೆ ಕೂತಿದೆ" ಅಂದರು. ನಾನೂ ಒಂದು ಸಲ ನಕ್ಕೆ, ಮಾತು ಚೆನ್ನಾಗಿತ್ತು. ಆಮೇಲೆ ಒಂದು ದಿನ ಒಬ್ಬಳು ಕೇಳಿದಳು, "ಮೇಡಂ, ಅವಳೂ ಹೊರಗೇನಾ ಇವತ್ತೂ?" ಎಲ್ಲರೂ ಬಾಯಿಗೆ ಸೆರಗು, ದುಪಟ್ಟಾ ಇಟ್ಟುಕೊಂಡರು. ಸೊಸೆಗೆ ಕೇಳಿಸಿತೋ ಇಲ್ಲವೋ. ಓಣಿಯಲ್ಲಿ ನನ್ನ ಪಕ್ಕ ಕೂತವಳಿಗೆ ಕೇಳಿಸಿತು. ಟೈಪು ಮಾಡುತ್ತಿದ್ದ ಬೆರಳು ನಿಂತಿತು, ಮತ್ತೆ ಶುರುವಾಯಿತು.

ಹೊರಗೆ ಕೂತವಳು ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೆ ಒಳಗೆ ಬರಬಹುದು. ಈ ಹುಡುಗಿಗೆ ಆ ನಾಲ್ಕನೇ ದಿನ ಬರಲೇ ಇಲ್ಲ. ಮೆಷಿನ್ನಾದರೆ ಸ್ವಿಚ್ ಆರಿಸಿದ ಕೂಡಲೇ ಎಲ್ಲ ಮರೆಯುತ್ತದೆ.

ನನ್ನ ಮೊರದ ಪಕ್ಕದಲ್ಲೇ ಅವಳ ಸ್ಟೂಲು. ನಾನು ಕಲ್ಲು ಆರಿಸುತ್ತಿದ್ದೆ, ಅವಳು ಅಕ್ಷರ ಆರಿಸುತ್ತಿದ್ದಳು. ಹುರಿಗಡಲೆ ಕೊಟ್ಟರೆ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದವಳು ಮೆಲ್ಲಗೆ "ಬೇಡ ಅಜ್ಜಿ, ಹಸಿವಿಲ್ಲ" ಅನ್ನಲು ಶುರು ಮಾಡಿದಳು. ಆಮೇಲೆ ನೋಡುತ್ತೇನೆ, ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದಾಳೆ. ಪಕ್ಕದಲ್ಲೇ ನಮ್ಮ ಕುಡಿಯುವ ನೀರಿನ ಬಿಂದಿಗೆ, ಮೇಲೆ ಲೋಟ. ಮುಟ್ಟುವುದಿಲ್ಲ.

"ಯಾಕೆ ಮಗಾ, ನಮ್ಮನೆ ನೀರು ಕಹಿಯಾ?"

"ಹಂಗಲ್ಲ ಅಜ್ಜಿ. ಅಭ್ಯಾಸ ಆಗ್ಲಿ ಅಂತ."

ಏನು ಅಭ್ಯಾಸವೋ. ನಾನು ಮತ್ತೆ ಕೇಳಲಿಲ್ಲ.

ಒಂದು ಶನಿವಾರ ಅವಳಮ್ಮ ಬಂದಳು. ಯಾವಾಗಲೂ ನಡುಮನೆಗೆ ಬಂದು ಬಟ್ಟೆ ಇಟ್ಟು, ಸೊಂಟ ಹಿಡಿದುಕೊಂಡು ಕೂತು, ಒಂದು ಲೋಟ ಕಾಫಿ ಕುಡಿದು ಹೋಗುವವಳು. ಅವತ್ತು ಗೇಟಿನ ಮೇಲೆ ಗಂಟು ಇಟ್ಟು ಅಲ್ಲೇ ನಿಂತಳು.

"ಒಳಗೆ ಬಾರಮ್ಮ."

"ಬ್ಯಾಡ ಅಮ್ಮಾವ್ರೆ, ಕೆಲ್ಸ ಐತೆ. ಸೋಮವಾರದಿಂದ ಮಗಳು ಬರಾಕಿಲ್ಲ. ಮೇಡಮ್ಮೋರಿಗೆ ಹೇಳ್ಬಿಡಿ."

"ಕಾರ್ಖಾನೆ ಕೆಲ್ಸ?"

"ಇಸ್ತ್ರಿ ಪೆಟ್ಟಿಗೆ ಎಲ್ಲಿಗೋಯ್ತದೆ" ಅಂದು ಹೋದಳು. ಮಗಳಿಗೆ ಬೇಡ ಅಂದ ಪೆಟ್ಟಿಗೆಯ ಮಾತನ್ನು ಅವಳೇ ಆಡಿ ಹೋದಳು.

ನಾನು ಸೊಸೆಯನ್ನು ಓಣಿಗೆ ಕರೆದೆ. "ಎಲ್ಲರ ಫ್ಲಾಪೀನೂ ಇದಕ್ಕೆ ಹಾಕಿ ನೋಡಿದ್ಯಾ?"

"ಅವಳದ್ರಲ್ಲಿ ಸಿಕ್ತಲ್ಲ ಅತ್ತೆ."

"ನಾನು ಕೇಳಿದ್ದು ಎಲ್ಲರದ್ದು. ನಿಂದು? ನಿನ್ನ ಗಂಡಂದು?"

"ಅವರದು ಬರೀ ಆಟದ್ದು."

"ಆಟ ಆಡೋರಿಗೆ ನೆಗಡಿ ಬರಲ್ವಾ?"

ಸೊಸೆ ನನ್ನ ಮುಖ ನೋಡಿದಳು. ಮಾರನೆಯ ದಿನ ಭಾನುವಾರ, ಕ್ಲಾಸಿಲ್ಲ. ಊಟವಾದ ಮೇಲೆ ಕೂತು ಮನೆಯಲ್ಲಿದ್ದ ಒಂದೊಂದೇ ಫ್ಲಾಪಿ ಹಾಕಿ ತೆಗೆದಳು. ಕ್ಲಾಸಿನವೆಲ್ಲದರಲ್ಲೂ ಕಾಯಿಲೆ. ಅದರಿಂದ ಯಾರು ಯಾರಿಗೆ ಅಂಟಿಸಿದರು ಅಂತ ಗೊತ್ತಾಗುವುದಿಲ್ಲ. ಕೊನೆಗೆ ಮಗನ ಆಟದ ಫ್ಲಾಪಿ. ಅವನ ಸ್ನೇಹಿತ ನಕಲು ಮಾಡಿ ಕೊಟ್ಟದ್ದು. ಆ ಹುಡುಗಿ ಸೇರುವ ಮುಂಚಿನಿಂದಲೂ ಮಗ ಕ್ಲಾಸು ಮುಗಿದ ಮೇಲೆ ಒಳಗಿನ ಮೆಷಿನ್ನಿನಲ್ಲಿ ಚೆಂಡು ಹೊಡೆದು ಗೋಡೆ ಬೀಳಿಸುತ್ತಾ ಕೂರುತ್ತಿದ್ದ. ಮಗನೂ ಬಂದು ಬಾಗಿಲಿಗೆ ಒರಗಿ ನಿಂತ.

"ಏನಮ್ಮ, ಮನೇಲೇ ಪೊಲೀಸ್ ಸ್ಟೇಷನ್ ತೆಗೆದುಬಿಟ್ಯಾ?"

"ಬಾಯ್ಮುಚ್ಕೊಂಡು ನಿಂತ್ಕೋ."

ಸೊಸೆ ಆಟ ಓಡಿಸಿದಳು. ಚೊಕ್ಕ ಫ್ಲಾಪಿಯ ಲೆಕ್ಕ ನೋಡಿದಳು. ಹೆಚ್ಚಾಗಿತ್ತು.

"ಇದಕ್ಕೂ ಕ್ಲಾಸಿಂದಲೇ ಅಂಟಿರುತ್ತೆ" ಅಂದ ಮಗ.

ಸೊಸೆ ಆ ಫ್ಲಾಪಿಯನ್ನು ಕೈಯಲ್ಲಿ ತಿರುಗಿಸಿದಳು. ಅದರ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದರ ಮೇಲೆ ಪಟ್ಟಿ ಅಂಟಿಸಿಬಿಟ್ಟರೆ ಒಳಗಿರುವುದನ್ನು ಓದಬಹುದು, ಹೊಸದಾಗಿ ಏನೂ ಬರೆಯಲಾಗುವುದಿಲ್ಲ. ಮಗನ ಫ್ಲಾಪಿಗೆ ಪಟ್ಟಿ ಇತ್ತು.

"ಇದನ್ನ ನೀವು ಅಂಟಿಸಿದ್ದಾ ರೀ?"

"ಇಲ್ಲ, ನನ್ನ ಫ್ರೆಂಡೇ ಅಂಟಿಸಿ ಕೊಟ್ಟ. ಅಳಿಸಿಹೋಗದೇ ಇರ್ಲಿ ಅಂತ. ನಾನು ಅದನ್ನ ಕಿತ್ತೇ ಇಲ್ಲ."

ಹೇಳಿ ಮುಗಿಸುವ ಹೊತ್ತಿಗೆ ಅವನಿಗೇ ಗೊತ್ತಾಯಿತು. ಪಟ್ಟಿ ಇದ್ದ ಮೇಲೆ ನಮ್ಮ ಮನೆಯ ಕಾಯಿಲೆ ಅದರೊಳಗೆ ಹೋಗಲು ದಾರಿಯಿಲ್ಲ. ಅದು ಬರುವಾಗಲೇ ಹೊಟ್ಟೆಯಲ್ಲಿಟ್ಟುಕೊಂಡು ಬಂದಿತ್ತು. ಆ ಹುಡುಗಿಯ ಹಳೆಯ ಫ್ಲಾಪಿಗೆ ನಮ್ಮ ಮೆಷಿನ್ನೇ ಅಂಟಿಸಿತ್ತು.

ಸೊಸೆ ಸ್ವಿಚ್ ಆರಿಸಿದಳು. ಅವಳ ಕಣ್ಣು ಸ್ಟೂಲಿನ ಕೆಳಗೆ ಹೋಯಿತು. ಹುಡುಗಿಯ ನೀರಿನ ಬಾಟಲಿ ಅಲ್ಲೇ ಮರೆತುಹೋಗಿತ್ತು, ಅರ್ಧ ನೀರು.

"ನಾನು ಅವಳನ್ನ ಬೇರೆ ಮಾಡಿರ್ಲಿಲ್ಲ ಅತ್ತೆ. ಫ್ಲಾಪೀನ ಬೇರೆ ಮಾಡಿದ್ದು."

"ಹೆಪ್ಪನ್ನ ಬೇರೆ ಲೋಟದಲ್ಲಿ ಹಾಕಿ ನೋಡ್ತೀವಿ. ಹೆಪ್ಪು ಕೊಟ್ಟೋಳನ್ನ ಬಾಗ್ಲಾಚೆ ಕೂರಿಸ್ತೀವಾ? ಫ್ಲಾಪೀನೂ ಅವಳನ್ನೂ ಒಂದೇ ಓಣೀಲಿ ಇಟ್ಟೆ ನೋಡು, ಆ ಹುಡುಗೀರಿಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ."

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅತ್ತು ಮುಗಿಸಿ ಅವಳೇ ಹೇಳಿದಳು: ನಾಳೆಯಿಂದ ಯಾರ ಫ್ಲಾಪಿಯಾದರೂ ಸರಿ, ದಿನಾ ಮೊದಲು ಓಣಿಗೆ. ತನ್ನದೂ, ಗಂಡನದೂ. ಎಲ್ಲರದೂ ಹೋದರೆ ಯಾರದೂ ಹೊರಗೆ ಕೂತ ಹಾಗಲ್ಲ. ಮಗ ಇಸ್ತ್ರಿಯವಳ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ ಅಂತ ಚಪ್ಪಲಿ ಹಾಕಿದ. "ಕೂತ್ಕೋ" ಅಂದೆ. ಪ್ಯಾಂಟು ಹಾಕಿದ ಗಂಡಸು ಬಾಗಿಲಲ್ಲಿ ನಿಂತು ಸಾರಿ ಅಂದರೆ ಅವರು ಇನ್ನೂ ಕುಗ್ಗುತ್ತಾರೆ. ನಾಳೆ ಕ್ಲಾಸು ಶುರುವಾಗುವ ಮುಂಚೆ ಎಲ್ಲ ಹುಡುಗಿಯರ ಮುಂದೆ ಹೇಳು ಅಂದೆ. ಒಪ್ಪಿಕೊಂಡ. ಹೇಳಿದ ಕೂಡ.

ಆ ಸಂಜೆ ನಾನು ಮನೆಯಲ್ಲಿದ್ದ ಮೊಸರನ್ನೆಲ್ಲ ಕಡೆದು ಮಜ್ಜಿಗೆ ಹುಳಿ ಮಾಡಿದೆ. ಪಾತ್ರೆಯ ತಳವನ್ನೂ ತೊಳೆದು ಸುರಿದೆ. ಇಷ್ಟೊಂದು ಯಾಕೆ ಅಂದಳು ಸೊಸೆ. ಊಟ ಮಾಡು ಅಂದೆ. ಮನೆಯಲ್ಲಿ ಹೆಪ್ಪಿಟ್ಟುಕೊಂಡು ಹೆಪ್ಪಿಲ್ಲ ಅಂತ ಸುಳ್ಳು ಹೇಳಲು ನನಗೆ ಬರುವುದಿಲ್ಲ. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ, ಆದ್ದರಿಂದ ಬೆಳಗಾಗುವವರೆಗೆ ಕಾದೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದವಳೇ ಸ್ಟೀಲಿನ ಸಣ್ಣ ಲೋಟ ತೆಗೆದುಕೊಂಡು ಬೀದಿಯ ಕೊನೆಗೆ ನಡೆದೆ. ಅವಳಮ್ಮ ಇದ್ದಿಲು ಊದುತ್ತಿದ್ದಳು. ಹುಡುಗಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು.

"ಸ್ವಲ್ಪ ಹೆಪ್ಪು ಕೊಡಮ್ಮ. ನಮ್ಮನೇಲಿ ಮುಗಿದಿದೆ."

ಅವಳಮ್ಮ ಊದುವುದನ್ನು ನಿಲ್ಲಿಸಿದಳು. "ನಮ್ಮನೆ ಹೆಪ್ಪಾ?"

"ಹೂಂ. ಮೊದ್ಲು ಇದೇ ಲೋಟದಲ್ಲಿ ಹಾಕಿ ನೋಡ್ತೀನಿ. ಯಾರ ಮನೇದಾದ್ರೂ ಅಷ್ಟೇ. ಲೋಳೆ ಬಂದ್ರೆ ಚೆಲ್ಲಿ ನಾಳೆ ಮತ್ತೆ ಬರ್ತೀನಿ." ಆಮೇಲೆ ಹುಡುಗಿಯ ಕಡೆ ತಿರುಗಿ, "ನಿನ್ನ ಫ್ಲಾಪಿಗೆ ಅಂಟಿಸಿದ್ದು ನನ್ನ ಮಗನ ಆಟ. ನಿನ್ನೆ ಗೊತ್ತಾಯ್ತು. ನಿನ್ನ ಬಾಟ್ಲಿ ನಮ್ಮನೇಲೇ ಇದೆ, ನೀರು ಚೆಲ್ಲಿದೀನಿ" ಅಂದೆ.

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನ ಲೋಟ ತೆಗೆದುಕೊಂಡು ಒಳಗೆ ಹೋಗಿ ಅದರ ತುಂಬ ಮೊಸರು ತಂದಳು. ಹೆಪ್ಪಿಗೆ ಅಷ್ಟು ಬೇಕಿರಲಿಲ್ಲ.

ಲೋಟವನ್ನು ಹುಡುಗಿಯ ಕೈಗೆ ಕೊಟ್ಟೆ. "ನೀನೇ ಹಿಡ್ಕೊಂಡು ಬಾ. ನಾನು ಹಿಡಿದ್ರೆ ದಾರೀಲಿ ಚೆಲ್ಲಿಬಿಡ್ತೀನಿ."

ಅವಳು ಕಣ್ಣನ್ನು ಲೋಟದ ಮೇಲೇ ಇಟ್ಟು ನಡೆದಳು. ನಮ್ಮ ಗೇಟು ತೆಗೆದೆ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲೊರೆಸಿಕೊಂಡು, ಮುಂದಿನ ರೂಮು ದಾಟಿ ಸೀದಾ ನನ್ನ ಅಡಿಗೆಮನೆಗೆ ಬಂದಳು.