ಕಕ್ಕಸಿನ ಸರದಿ

ಜಪಾನಿನ ಎಡೋಗಾವಾದ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಹೋಗುತ್ತಿದ್ದ ನನ್ನ ಮಗಳು ಒಂದು ಸಂಜೆ ಚೀಲ ಬಿಸಾಕಿ, "ಅಮ್ಮಾ, ದಿಸ್ ಮಂತ್ ನಮ್ ಗ್ರೂಪ್‌ಗೆ ಟಾಯ್ಲೆಟ್ ಕ್ಲೀನಿಂಗ್. ಇವತ್ತೇ ಸ್ಟಾರ್ಟ್ ಆಯ್ತು," ಅಂದಳು. ಹೇಳಿದ್ದು ಖುಷಿಯಿಂದ. ನಾನು ಅವಳ ಕೈಯನ್ನೇ ನೋಡಿದೆ. ಇಲ್ಲಿನ ಶಾಲೆಗಳಲ್ಲಿ ಮಕ್ಕಳೇ ಕಸ ಗುಡಿಸುತ್ತಾರೆ, ನೆಲ ಒರೆಸುತ್ತಾರೆ ಎಂಬುದು ಗೊತ್ತಿತ್ತು. ಊರಿಗೆ ಫೋನ್ ಮಾಡಿದಾಗ ಅದನ್ನು ಹೊಗಳಿಯೂ ಇದ್ದೆ. ಅದು ಕಕ್ಕಸಿನ ತನಕ ಬರುತ್ತದೆಂದು ಯೋಚಿಸಿರಲಿಲ್ಲ. ಯಾರದೋ ಮಕ್ಕಳು ಉಚ್ಚೆ ಹೊಯ್ದ ನೆಲ, ಅದನ್ನು ಉಜ್ಜಿದ ಬ್ರಷ್ಷು, ಬ್ರಷ್ಷು ಹಿಡಿದ ಕೈ. ಈಗ ಅದೇ ಕೈ ನನ್ನ ಚಕ್ಕುಲಿ ಡಬ್ಬಿಯೊಳಗೆ.

"ಮೊದ್ಲು ಸ್ನಾನ ಮಾಡ್ಹೋಗು!" ಎಂದು ಕಿರುಚಿದೆ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಕಸಕ್ಕೆ ಸುರಿದೆ.

ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಬಿಡೇ, ಇಲ್ಲಿ ಎಲ್ಲಾ ಮಕ್ಳೂ ಮಾಡ್ತಾರೆ," ಅಂದರು.

"ಎಲ್ರೂ ಮಾಡ್ಲಿ. ನಮ್ಮವಳು ಯಾಕ್ ಮಾಡ್ಬೇಕು?"

ಮೈಸೂರಿನ ನಮ್ಮ ಮನೆಗೆ ಕಕ್ಕಸು ತೊಳೆಯಲು ಒಬ್ಬ ಹೆಂಗಸು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ಅಜ್ಜಿ ಅವಳ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು, ಚೊಂಬು ತಾಗಬಾರದು. ಅವಳು ಹೋದ ಮೇಲೆ ಮೆಟ್ಟಿಲಿಗೂ ಒಂದು ಚೊಂಬು ನೀರು. ಅದನ್ನೆಲ್ಲ ಬಿಟ್ಟು ಬಂದವಳು ನಾನು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ.

ಟೀಚರಿಗೂ ಮನೆಗೂ ನಡುವೆ ದಿನಾ ಓಡಾಡುವ ಪುಸ್ತಕದಲ್ಲಿ, ಧಾರ್ಮಿಕ ಕಾರಣಗಳಿಂದ ನಮ್ಮ ಮಗಳನ್ನು ಶೌಚಾಲಯ ತೊಳೆಯುವ ಕೆಲಸದಿಂದ ಬಿಡಬೇಕು ಎಂದು ಬರೆದೆ. ಇದು ನಾನು ಇಲ್ಲಿ ಕಲಿತ ಉಪಾಯ. ಶಾಲೆಯ ಊಟದಲ್ಲಿ ಮಾಂಸ ಬೇಡವೆನ್ನಲು ಇದೇ ಮಾತು ಬರೆದಿದ್ದೆ, ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿದ್ದರು. ಈ ಸಲವೂ ಅಷ್ಟೆ. ಮೊದಲೇ ಗಮನಿಸದೆ ಹೋದದ್ದಕ್ಕೆ ಸುಮಿಮಾಸೆನ್ ಎಂದು ಟೀಚರೇ ಕ್ಷಮೆ ಕೇಳಿದರು. ಗೆದ್ದೆ ಅಂದುಕೊಂಡೆ. ಆಮೇಲಿನ ದಿನಗಳಲ್ಲಿ ಮಗಳ ನೀರಿನ ಬಾಟಲಿ ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಸೆಕೆ ಕಡಿಮೆಯಾಯಿತೇನೋ ಎಂದು ನೀರನ್ನು ಸಿಂಕಿಗೆ ಚೆಲ್ಲುತ್ತಿದ್ದೆ.

ನನ್ನ ಕೆಲಸ ಏನೆಂದು ಹೇಳಿದರೆ ನೀವು ನಗುತ್ತೀರಿ. ಯುದ್ಧ ನಿಂತು ಇನ್ನೂ ಸುಧಾರಿಸಿಕೊಳ್ಳದ ದೇಶಗಳಲ್ಲಿ ನೀರು, ಶೌಚಾಲಯಗಳ ಯೋಜನೆ ನಡೆಸುವ ಸಂಸ್ಥೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುವುದು. ಯಾವ ಊರಿನ ನಲ್ಲಿಯಲ್ಲಿ ನೀರು ಬರುತ್ತಿದೆ, ಯಾವ ಶೌಚಾಲಯಕ್ಕೆ ಬೀಗ ಬಿದ್ದಿದೆ ಎಂದು ನಕ್ಷೆಯ ಮೇಲೆ ಹಸಿರು, ಕೆಂಪು ಚುಕ್ಕೆ. ಹಸಿರು ಹೆಚ್ಚಿದಷ್ಟೂ ಜನಕ್ಕೆ ಹೊಸ ಸರ್ಕಾರದ ಮೇಲೆ ನಂಬಿಕೆ ಬರುತ್ತದೆ, ಶಾಂತಿ ಉಳಿಯುತ್ತದೆ ಎಂದು ಮೀಟಿಂಗುಗಳಲ್ಲಿ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ಮೂರನೇ ವಾರ ಅಂಥದೊಂದು ದೇಶದಿಂದ ತರಬೇತಿಗೆಂದು ಒಬ್ಬ ಮಹಿಳಾ ಎಂಜಿನಿಯರ್ ಬಂದರು. ಅವರ ಊರಿನಲ್ಲಿ ಎರಡು ಪಂಗಡದವರು ವರ್ಷಗಟ್ಟಲೆ ಕಡಿದಾಡಿದ್ದರು. ನೀರಿನ ಟ್ಯಾಂಕ್ ಬಂದ ಮೇಲೆ ಒಂದೇ ಸಾಲಿನಲ್ಲಿ ನಿಂತು ನಿಂತು ಬೇಸರವಾಗಿ ಮಾತು ಶುರುವಿಟ್ಟುಕೊಂಡರಂತೆ. ಮಕ್ಕಳು ಒಂದೇ ಶಾಲೆಗೆ ಬಂದರು. ಆದರೆ ಆ ಶಾಲೆಯ ಶೌಚಾಲಯ ನನ್ನ ನಕ್ಷೆಯಲ್ಲಿ ಕೆಂಪು.

"ನೀರಿದೆ, ಪಂಪಿದೆ. ಮತ್ತೇಕೆ ಬೀಗ?" ಎಂದು ಕೇಳಿದೆ.

ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಅಲ್ಲಿಯೂ ತೊಳೆಯುವ ಸರದಿ ಮಕ್ಕಳದೇ. ಒಂದು ಪಂಗಡದ ತಾಯಿ ಹೆಡ್‌ಮಾಸ್ಟರಿಗೆ ಚೀಟಿ ಬರೆದಳು: ಅವರ ಹೊಲಸನ್ನು ನಮ್ಮ ಮಗು ಮುಟ್ಟುವುದು ನಮ್ಮ ಧರ್ಮಕ್ಕೆ ಆಗದು. ಹೆಡ್‌ಮಾಸ್ಟರ್ ಜಗಳಕ್ಕೆ ಹೆದರಿ ಒಪ್ಪಿದರು. ಮರುದಿನ ಆ ಕಡೆಯವರೂ ಬರೆದರು. ತೊಳೆಯುವವರಿಲ್ಲದೆ ಗಬ್ಬು ನಾತ ಹೊಡೆದು ಕೊನೆಗೆ ಬೀಗ ಬಿತ್ತು. "ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನ ಮನೆಗೆ ಓಡುತ್ತಾರೆ, ವಾಪಸ್ ಬರುವುದಿಲ್ಲ. ಈಗ ಟ್ಯಾಂಕಿನ ಮುಂದೆಯೂ ಎರಡು ಸಾಲು."

"ಛೀ, ಎಂಥಾ ಜನ!" ಅಂದೆ. ಕನ್ನಡದಲ್ಲೇ ಬಂದುಬಿಟ್ಟಿತು. ಅವರು ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು ಹೌದೆಂದು ತಲೆಯಾಡಿಸಿದರು. ಆ ಮಾತು ಬಾಯಿಂದ ಬಿದ್ದ ಕೂಡಲೇ ಮಗಳ ಪುಸ್ತಕದಲ್ಲಿ ನಾನು ಬರೆದದ್ದು ನೆನಪಾಯಿತು. ಎದ್ದು ಆಫೀಸಿನ ಶೌಚಾಲಯಕ್ಕೆ ಹೋಗಿ, ಕರೆಂಟಿನಿಂದ ಬೆಚ್ಚಗಾಗುವ ಸೀಟಿನ ಮೇಲೆ ಸುಮ್ಮನೆ ಕೂತೆ. ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಅದನ್ನು ಯಾರು ತೊಳೆಯುತ್ತಾರೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಆ ಸಂಜೆ ಮಗಳು ಎಂದಿನಂತೆ ಶೂ ಕಿತ್ತೆಸೆದು ಸೀದಾ ಕಕ್ಕಸಿಗೆ ಓಡಿದಳು. ಇದು ಎಷ್ಟು ದಿನದಿಂದ ಎಂದಿನಂತಾಗಿದೆ ಎಂದು ಆಗ ಯೋಚಿಸಿದೆ. ಚೀಲದಿಂದ ಬಾಟಲಿ ತೆಗೆದು ನೋಡಿದೆ. ಬೆಳಗ್ಗೆ ತುಂಬಿಸಿದ ನೀರು ಹಾಗೇ ಇತ್ತು.

"ಸ್ಕೂಲಲ್ಲಿ ಟಾಯ್ಲೆಟ್‌ಗೆ ಯಾಕ್ ಹೋಗಲ್ಲ ನೀನು?"

ಅವಳು ನೆಲ ನೋಡಿದಳು. "ಐ ಡೋಂಟ್ ಕ್ಲೀನ್ ಇಟ್, ಅಮ್ಮಾ. ಸೋ ಐ ಕಾಂಟ್ ಯೂಸ್ ಇಟ್."

"ಯಾರ್ ಹಾಗಂದಿದ್ದು?"

"ಯಾರೂ ಅಂದಿಲ್ಲ. ಅವ್ರೆಲ್ಲಾ ಕ್ಲೀನ್ ಮಾಡ್ವಾಗ ನಾನು ಕಾರಿಡಾರಲ್ಲಿ ನಿಂತಿರ್ತೀನಿ. ಜಸ್ಟ್ ನಿಂತಿರ್ತೀನಿ."

ಬೈಯಲು ಯಾರೂ ಸಿಗಲಿಲ್ಲ. ಪುಸ್ತಕ ತೆಗೆದು, ಸೋಮವಾರದಿಂದ ನಮ್ಮ ಮಗಳೂ ಶೌಚಾಲಯ ತೊಳೆಯುತ್ತಾಳೆ ಎಂದು ಬರೆದೆ. ಮೊದಲು ಬರೆದದ್ದು ಸುಳ್ಳು ಎಂದೂ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ಮಗಳು ಬಗ್ಗಿ ಓದಿದಳು.

"ದೇವ್ರಿಗೆ ಈಗ ಓಕೆನಾ?"

"ದೇವ್ರಿಗೆ ಅವತ್ತೂ ಓಕೆನೇ. ನಂಗೇ ಇರ್ಲಿಲ್ಲ."

"ಸೋ ಯೂ ಲೈಡ್."

"ಹೂಂ."

ಸೋಮವಾರ ಬಾಟಲಿ ಖಾಲಿಯಾಗಿ ಬಂತು. ಮಗಳು ಹೊಸ ಚಕ್ಕುಲಿಯ ಡಬ್ಬಿಗೆ ಕೈ ಹಾಕಿ, ಒಂದನ್ನು ಮುರಿದು ಅರ್ಧ ನನ್ನ ಮುಂದೆ ಹಿಡಿದಳು. ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ಕೈ ತೊಳ್ಕೊಂಡ್ಯಾ ಎಂದು ಕೇಳಲು ಹೊರಟವಳು ಕೇಳಲಿಲ್ಲ. ಇಸಿದುಕೊಂಡು ತಿಂದೆ.