ಆಲ್ಬಮ್ಮಿನಲ್ಲಿ ತಗಡಣ್ಣನ ಕೈ

ತಗಡು ಬಡಿಯುವವನಿಗೆ ತಗಡು ಎಂದೇ ಹೆಸರು ಬಿದ್ದರೆ ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ದೊಡ್ಡ ಕಟ್ಟಡಗಳೊಳಗೆ ಗಾಳಿ ಹಾಯಿಸುವ ಚೌಕದ ಕೊಳವೆಗಳಿರುತ್ತವಲ್ಲ, ಅವನ್ನು ಮಡಿಸಿ ಬಡಿದು ಮಾಡುವ ಕಾರ್ಖಾನೆಯಲ್ಲಿ ಅವನು ಮೀಸೆ ಚಿಗುರುವ ವಯಸ್ಸಿನಿಂದ ದುಡಿದವನು. ಅವನು ಡ್ರಮ್ ಬಾರಿಸುವ ರಾಕ್ ಬ್ಯಾಂಡಿನವರು ಮೊದಲು ಗೇಲಿಗೆ ತಗಡು ಎಂದರು, ಆಮೇಲೆ ಪ್ರೀತಿಗೆ ತಗಡಣ್ಣ ಎಂದರು. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು. ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ ಅವನು.

ಬ್ಯಾಂಡೋ, ಹೇಳಿಕೊಳ್ಳುವಂಥದ್ದಲ್ಲ. ನಾಲ್ಕೇ ಜನ. ಟಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರಿ ಕಿಟಕಿ ಗಾಜು ನಡುಗುವಂತೆ ನುಡಿಸುವುದು, ಟಯರಿನವನು ಬಂದು ಬಾಗಿಲು ಬಡಿದರೆ ನಿಲ್ಲಿಸುವುದು. ಹಾಡು ಬರೆಯುವವನು, ಹಾಡುವವನು, ಯಜಮಾನಿಕೆ ಮಾಡುವವನು ಎಲ್ಲ ಒಬ್ಬನೇ: ತಗಡಣ್ಣನ ಭಾಮೈದ, ಅಂದರೆ ಹೆಂಡತಿಯ ಒಡಹುಟ್ಟಿದ ತಮ್ಮ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ. ಹಾಡು ಮಾರುವ ಯಾವ ಕಂಪನಿಯ ಹಂಗೂ ಬೇಡ, ನಮ್ಮ ರಾಕ್ ನಮ್ಮದು ಎನ್ನುವುದು ಅವನ ಹಟ. ಕಂಪನಿಗಳೇನು ಬಾಗಿಲಲ್ಲಿ ಸಾಲುಗಟ್ಟಿರಲಿಲ್ಲ ಬಿಡಿ. ಅವರ ಮೊದಲ ಆಲ್ಬಮ್ ಬಂದಾಗ ತಗಡಣ್ಣ ಇನ್ನೂ ಸೇರಿರಲಿಲ್ಲ, ಡ್ರಮ್ ಬಾರಿಸಿದ್ದವನು ಬೇರೆ ಯಾರೋ. ಎರಡನೆಯದು ವರ್ಷಾನುಗಟ್ಟಲೆ ಎಳೆದಾಡಿ ಈಗ ತಯಾರಾಗಿ ನಿಂತಿತ್ತು.

ಈ ಎರಡನೆಯದರ ಮೇಲೆ ತಗಡಣ್ಣ ಜೀವ ಇಟ್ಟುಕೊಂಡಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ, ತಗಡೂ ಬಿಡಿ, ಡ್ರಮ್ಮೂ ಬಿಡಿ ಎಂದು ಕಿವಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ತಗಡು ಬಿಟ್ಟರೆ ಹೊಟ್ಟೆಗೇನು? ಡ್ರಮ್ ಬಿಟ್ಟರೆ ಉಳಿಯುವುದಾದರೂ ಏನು? ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. "ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಎಂದು ಹೆಂಡತಿ ರೇಗಿದರೆ ನಕ್ಕು ಸುಮ್ಮನಾಗುತ್ತಿದ್ದ. ಕಿವಿ ಹೋಗುವ ಮುಂಚೆ ತನ್ನ ಕೈ ಎಲ್ಲಾದರೂ ಒಂದು ಕಡೆ ಉಳಿಯಬೇಕು, ತನಗೆ ಕೇಳದಿದ್ದರೂ ಇವಳಾದರೂ ಕೇಳಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ರೆಕಾರ್ಡಿಂಗಿನಲ್ಲಿ ಡ್ರಮ್ ಮೊದಲು, ಉಳಿದದ್ದೆಲ್ಲ ಅದರ ಮೇಲೆ. ಹೆಡ್‌ಫೋನಿನಲ್ಲಿ ಟಕ್ ಟಕ್ ಎಂದು ತಾಳ ಬರುತ್ತಿರುತ್ತದೆ, ಅದಕ್ಕೆ ಸರಿಯಾಗಿ ಬಾರಿಸಬೇಕು. ತಗಡಣ್ಣನಿಗೆ ಅದು ಇದ್ದೂ ಇಲ್ಲದಂತೆ. ಕಂಗಾಲಾಗಿ ಸುತ್ತ ನೋಡಿದ. ಗಾಜಿನ ಆಚೆ ಬೇಸ್ ಗಿಟಾರಿನವನು ಬೂಟುಗಾಲಲ್ಲಿ ತಾಳ ಹಾಕುತ್ತಿದ್ದ. ಸದ್ಯ ಬದುಕಿದೆ ಎಂದುಕೊಂಡು ಆ ಬೂಟನ್ನೇ ಕಣ್ಣು ಕೀಲಿಸಿ ನೋಡುತ್ತ ಹಾಡುಗಳನ್ನೆಲ್ಲ ಬಾರಿಸಿ ಮುಗಿಸಿದ. ನಿಧಾನದ ಹಾಡೊಂದರ ಕೊನೆಯಲ್ಲಿ, ಭಾಮೈದನ ದನಿ ನಿಲ್ಲಬೇಕಾದ ಜಾಗದಲ್ಲಿ, ಒಂದು ಉಸಿರಿನಷ್ಟು ಏನೂ ಬಾರಿಸದೆ ಖಾಲಿ ಬಿಟ್ಟು ಆಮೇಲೆ ಹೊಡೆದ. ಅದು ಅವನದೇ ಕಲ್ಪನೆ. ಜಗಳವಾಡಿ ಎಲ್ಲರನ್ನೂ ಒಪ್ಪಿಸಿದ್ದ. ಹೊರಬಂದಾಗ ಅಂಗಿ ಬೆವರಿಗೆ ಒದ್ದೆಮುದ್ದೆಯಾಗಿತ್ತು, ಭಾಮೈದ ಬೆನ್ನು ತಟ್ಟಿ ಟೀ ಕುಡಿಸಿದ.

ಆಲ್ಬಮ್ ಬಂದ ದಿನ ಹೆಂಡತಿ ಅಡುಗೆಮನೆಯ ಕೆಲಸ ಅರ್ಧಕ್ಕೆ ಬಿಟ್ಟು ಬಂದು ಕೂತಳು. ತಗಡಣ್ಣ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತ. ಬಲಗಿವಿಗೆ ಬಂದಷ್ಟು ಬಂತು, ಉಳಿದದ್ದು ಅಂಗೈಗೆ. ನಿಧಾನದ ಹಾಡು ಬಂತು, ಭಾಮೈದನ ದನಿ ನಿಂತಿತು. ಖಾಲಿ ಇರಬೇಕಾದಲ್ಲಿ ಪೆಟ್ಟಿಗೆ ಅಂಗೈಯನ್ನು ಗುದ್ದಿತು.

"ಇನ್ನೊಂದ್ಸಲ ಹಾಕು" ಎಂದ. ಹಾಕಿದಳು. ಮತ್ತೆ ಗುದ್ದಿತು.

"ಅಲ್ಲಿ ಒಂಚೂರು ನಿಲ್ಲಲ್ವಾ?"

"ಎಲ್ಲಿ ನಿಲ್ಲತ್ತೆ? ಸಲೀಸಾಗಿ ಹೋಗ್ತಾ ಇದೆಯಲ್ಲ" ಎಂದಳು. "ಬಾರಿಸಿದ್ದು ನೀವು, ಕೇಳೋದು ನನ್ನನ್ನ."

ಚಪ್ಪಲಿ ಮೆಟ್ಟಿಕೊಂಡು ನೇರ ಔಷಧಿ ಅಂಗಡಿಗೆ ಹೋದ. ಭಾಮೈದ ಒಬ್ಬ ಮುದುಕಿಗೆ ಮಾತ್ರೆ ಎಣಿಸುತ್ತಿದ್ದವನು ಭಾವನ ಮುಖ ನೋಡಿದ್ದೇ ಎಣಿಕೆ ತಪ್ಪಿದ. ಮುದುಕಿ ಹೋಗುವ ತನಕ ತಗಡಣ್ಣ ಬಲಗಿವಿ ಮುಂದೆ ಮಾಡಿ ಕಾದ.

"ಅದು ನನ್ನ ಕೈಯಲ್ಲ" ಎಂದ.

ಭಾಮೈದ ಮಾತ್ರೆ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತ. "ಭಾವ, ಪ್ರತಿ ಹಾಡಲ್ಲೂ ನೀನು ಕೂದಲೆಳೆಯಷ್ಟು ಹಿಂದೆ ಬೀಳ್ತಿದ್ದೆ. ಮುಖ ನೋಡಿ ಹೇಳೋಕೆ ನಮಗೆ ಧೈರ್ಯ ಬರ್ಲಿಲ್ಲ. ರೆಕಾರ್ಡಿಂಗ್‌ನವನು ಕಂಪ್ಯೂಟರಲ್ಲೇ ಬೇರೆ ಹೊಡೆತ ಕೂರಿಸಿಕೊಟ್ಟ."

"ಒಂದೂ ನಂದಿಲ್ವಾ?"

"ಹೆಸರು ನಿಂದೇ ಹಾಕಿದೀವಿ."

"ನಾನು ಹೊಡೆದದ್ದು ಎಲ್ಲಿದೆ? ಅದನ್ನಾದ್ರೂ ಕೊಡು."

"ಇಲ್ಲ ಭಾವ. ಕೆಲಸ ಮುಗಿದ ಮೇಲೆ ಅಳಿಸಿಬಿಟ್ಟನಂತೆ. ಇಟ್ಕೊಂಡು ಏನು ಮಾಡೋದು ಅಂದ."

ತಗಡಣ್ಣ ಗಾಜಿನ ಕಪಾಟಿಗೆ ಒರಗಿಕೊಂಡ. ಕೆನ್ನೆಗೆ ಎರಡು ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ತಪ್ಪಿದ್ದು ತಾನೇ ಅಲ್ಲವೇ? ಬೂಟು ನೆಲ ಮುಟ್ಟಿದ್ದನ್ನು ಕಣ್ಣು ಕಂಡು ಕೈಗೆ ಹೇಳುವಷ್ಟರಲ್ಲಿ ತಾಳ ದಾಟಿ ಹೋಗಿತ್ತು, ಅಷ್ಟೇ. ಹಾಳಾದ ಕಿವಿಯ ಮೇಲೆ, ಹಾಳುಮಾಡಿದ ತಗಡಿನ ಮೇಲೆ, ಮುಚ್ಚಿಟ್ಟ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು.

ಭಾಮೈದ ದನಿ ತಗ್ಗಿಸಿ, "ನೀನು ಹೀಗೆ ಬಾರಿಸೋನಲ್ಲ. ಕುಡೀತಿದೀಯಾ ಭಾವ?" ಎಂದ.

ಈಗ ಹೇಳಿಬಿಡಬಹುದಿತ್ತು. ಹೇಳಿದರೆ ಭಾಮೈದ ಅತ್ತೂಬಿಡುತ್ತಿದ್ದನೇನೋ. ಆದರೆ ಕಿವುಡನನ್ನು ಯಾವ ಬ್ಯಾಂಡು ಡ್ರಮ್ಮಿನ ಹಿಂದೆ ಕೂರಿಸುತ್ತದೆ? ಸುದ್ದಿ ಕಾರ್ಖಾನೆಗೆ ಮುಟ್ಟಲು ಎಷ್ಟು ಹೊತ್ತು? ಕುಡುಕನಾದರೆ ಕುಡಿತ ಬಿಡಬಹುದು ಎಂಬ ಆಸೆಯಾದರೂ ಜನಕ್ಕಿರುತ್ತದೆ. ತೊಟ್ಟು ಹೆಂಡ ಮುಟ್ಟದ ಮನುಷ್ಯ ತಲೆ ತಗ್ಗಿಸಿ, "ಸ್ವಲ್ಪ ಜಾಸ್ತಿಯಾಗಿದೆ" ಎಂದ.

ಭಾಮೈದನಿಗೆ ಹೋದ ಉಸಿರು ಬಂದಂತಾಯಿತು. "ಅಷ್ಟೇನಾ. ಬಿಟ್ಬಿಡು. ಅಕ್ಕನಿಗೆ ಹೇಳಲ್ಲ. ಮುಂದಿನ ಆಲ್ಬಮ್ಮಲ್ಲಿ ಎಲ್ಲಾ ನಿನ್ನ ಕೈಯೇ ಇರಲಿ" ಎಂದು ಹೆಗಲು ಹಿಡಿದ.

ತಗಡಣ್ಣ ಹೂಂ ಎಂದ. ಒಂದು ಆಲ್ಬಮ್ಮಿಗೆ ಇವರಿಗೆ ಎಷ್ಟು ವರ್ಷ ಹಿಡಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಿವಿಯ ಲೆಕ್ಕ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ.

ಮನೆಗೆ ಬಂದರೆ ಪಕ್ಕದ ಮನೆಯ ಹೆಂಗಸರು ಮೂವರು ಕೂತಿದ್ದರು. ಹೆಂಡತಿ ಆಗಲೇ ಬೀದಿಗೆಲ್ಲ ಡಂಗುರ ಹೊಡೆದಿದ್ದಳು. ಕಾಲಂದುಗೆ ಅಲುಗಿಸುತ್ತ ಕೂತಿದ್ದ ಒಬ್ಬಳು, "ಒಂದು ಕಡೆಯಾದ್ರೂ ತಪ್ಪಿದಾರಾ ನೋಡಿ, ಮಿಷನ್ ಇದ್ದಂಗಿದೆ ಇವರ ಕೈ" ಎಂದಳು. ಹೆಂಡತಿಯ ಮುಖ ಬೆಳಗಿತು. ಮದುವೆಯಾದಾಗಿನಿಂದ ಗಂಡನ ವಿಷಯದಲ್ಲಿ ಇಷ್ಟು ಜಂಭ ಪಡಲು ಅವಳಿಗೆ ಅವಕಾಶವೇ ಸಿಕ್ಕಿರಲಿಲ್ಲ. ಎದ್ದು ಬಂದು ಅವನ ತೋಳು ಹಿಡಿದು, "ಇವರಿಗೂ ಹೇಳಿ, ಯಾವ ಹಾಡಲ್ಲಿ ಬಾರಿಸೋದು ಕಷ್ಟ ಆಯ್ತು?" ಎಂದಳು.

"ಎಲ್ಲಾ ಸುಲಭವೇ" ಎಂದ ತಗಡಣ್ಣ.

ಅವಳು ಅವನನ್ನು ಎಳೆದು ಸ್ಪೀಕರಿನ ಪಕ್ಕ ಕೂರಿಸಿ, ಅವನಿಗೂ ಚೆನ್ನಾಗಿ ಕೇಳಲೆಂದು ಸದ್ದು ಜೋರು ಮಾಡಿ, ಮೊದಲ ಹಾಡಿನಿಂದ ಮತ್ತೆ ಹಾಕಿದಳು. ತಗಡಣ್ಣ ಕೈಕಟ್ಟಿ ಕೂತು, ಉಳಿದಿರುವ ಈ ಕಿವಿಯೂ ಬೇಗ ಹೋಗಿಬಿಡಲಿ ಎಂದು ಬೇಡಿಕೊಂಡ.